ಏಳು ಎಂದರೆ ಏಳಲ್ಲ

ಸೋಮವಾರ, ಮಾರ್ಚ್ 3

ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಹಿಮ್ಮಡಿಗೆ ಮೊಳೆ ಹೊಡೆದಂತಾಯಿತು. ಗೋಡೆ ಹಿಡಿದು ಬಾತ್‌ರೂಮು. ಆಮೇಲೆ ಪರವಾಗಿಲ್ಲ... ಸಂಜೆಯವರೆಗೆ. ಮ್ಯೂಸಿಯಂ ಗೈಡ್ ಕೆಲಸ — ನಿಂತೇ ಹೊಟ್ಟೆ ಹೊರೆಯಬೇಕು. ಹಳೆಯ ಗಡಿಯಾರಗಳ ಕೋಣೆಯಲ್ಲಿ "ಕಾಲವೇ ಸರ್ವಸ್ವ" ಎಂದು ವಿವರಿಸಿದೆ. ಮನಸ್ಸು 'ವ' ನುಂಗಿತು: ಕಾಲೇ ಸರ್ವಸ್ವ.

ಹೆಡ್ ಗೈಡ್ ಈ ತಿಂಗಳು ರಿಟೈರ್. ಆ ಜಾಗಕ್ಕೆ ಇಪ್ಪತ್ತೊಂದಕ್ಕೆ ನನ್ನ ಟ್ರಯಲ್: ಡೈರೆಕ್ಟರಿಗೆ ಮೂರೂ ಅಂತಸ್ತು ಸುತ್ತಿಸಿ ತೋರಿಸಬೇಕು. ಕುಂಟಿದರೆ ಟಿಕೆಟ್ ಕಿಟಕಿ. ಅಲ್ಲಿ ಕೂರಬಹುದು, ಹರಟುವಂತಿಲ್ಲ. ನನ್ನ ಪಾಲಿಗೆ ಜೀವಾವಧಿ.

ಬುಧವಾರ, 5

ಕಾಲಿನ ಕಿರುಬೆರಳಿನ ಬ್ಯಾಂಡೇಜ್ ಅತ್ತೆಯ ಕಣ್ಣಿಗೆ ಬಿತ್ತು.

"ಏನಮ್ಮಾ, ಆರನೇ ನಂಬರ್ ಪಾದಕ್ಕೂ ನೋವಾ?"

ಮದುವೆಯಾದ ಹೊಸದರಲ್ಲಿ ನನ್ನ ಚಪ್ಪಲಿ ತಿರುಗಿಸಿ ನೋಡಿ, "ಆರು! ನಂದೂ ಆರೇ. ನಮ್ಮನೇಲಿ ದೊಡ್ಡ ಪಾದದ ಹೆಂಗಸರೇ ಇಲ್ಲ" ಎಂದಿದ್ದರು. ಅಂದಿನಿಂದ ಆರೇ. ಎರಡು ಹೆರಿಗೆ ಆದ ಮೇಲೂ ಆರೇ. ಒಳಗೆ ಬೆರಳುಗಳು ಒಂದರ ತೊಡೆಯ ಮೇಲೊಂದು ಕೂತು ಪ್ರಯಾಣಿಸುತ್ತಿವೆ.

ಮಂಗಳವಾರ, 11

ಕಾಲಿನ ಡಾಕ್ಟರ್. ವಯಸ್ಸಾದವರು, ತುಂಟ. ಹಿಮ್ಮಡಿ ಒತ್ತಿದರು, ಕಿರುಚಿದೆ.

"ನೋವೆಷ್ಟು?"

"ಕಾಲು ಭಾಗ ಡಾಕ್ಟ್ರೇ. ಉಳಿದ ಮುಕ್ಕಾಲು ಮಾನ."

ಕೈ ಒರೆಸಿಕೊಂಡು, "ಸರಿ, ಏಳಮ್ಮ" ಎಂದರು.

"ಏಳಲ್ಲ ಡಾಕ್ಟ್ರೇ, ಆರು!"

"ಎದ್ದೇಳು ಅಂದೆ ಕಣಮ್ಮ. ಚಪ್ಪಲಿ ನಂಬರ್ ಯಾರು ಕೇಳಿದ್ರು?"

ಸಿಕ್ಕಿಬಿದ್ದೆ. ಅಳತೆ ಹಲಗೆಯ ಮೇಲೆ ನಿಲ್ಲಿಸಿದರು. ಬಲ ಆರೂವರೆ. ಎಡ ಪೂರ್ತಿ ಏಳು.

"ವಯಸ್ಸಾದ ಹಾಗೆ ಪಾದ ಅಗಲ ಆಗುತ್ತೆ. ಬೂಟು ಸಂಜೆ ಹೋಗಿ ಕೊಂಡ್ಕೋ, ಆಗ ಪಾದ ಊದಿರುತ್ತೆ. ದೊಡ್ಡ ಪಾದಕ್ಕೆ ಸರಿ ಆಗೋದು ತಗೋ. ಮುಂದೆ ಹೆಬ್ಬೆರಳಗಲ ಜಾಗ, ಹಿಂದೆ ಮೆತ್ತೆ. ಬೆಳಿಗ್ಗೆ ಇಳಿಯೋಕೆ ಮುಂಚೆ ಬೆರಳು ಹಿಡಿದು ಪಾದನ ನಿನ್ನ ಕಡೆ ಎಳ್ಕೋ. ಕಾಲಿಗೆ ಬುದ್ಧಿ ಹೇಳೋದು ಬಿಡು, ಕಾಲು ಹೇಳೋ ಬುದ್ಧಿ ಕೇಳು."

ಪನ್‌ನಲ್ಲಿ ನನ್ನನ್ನೇ ಮೀರಿಸಿದರು. ಅದೂ ಒಂದು ನೋವು.

ಶನಿವಾರ, 15

ಸಂಜೆ. ದೂರದ ಬೂಟಿನಂಗಡಿ — ಗುರುತಿನವರು ಸಿಗಬಾರದೆಂದು. ಕನ್ನಡಿಯಾಚೆ ಪರಿಚಿತ ಕೆಮ್ಮು. ಅತ್ತೆ! ಕಾಲಲ್ಲಿ ಎಂಟು.

"ಆರು ಅಂದಿದ್ರಲ್ಲ ಅತ್ತೆ?"

"ನಮ್ಮತ್ತೆ ಐದು ಅಂತಿದ್ರು ಕಣೇ. ಅದೂ ಸುಳ್ಳೇ ಇರ್ಬೇಕು."

ಬೆಂಚಿನ ಮೇಲೆ ಕೂತು ಕಣ್ಣೀರು ಬರುವಂತೆ ನಕ್ಕೆವು.

"ನಿನ್ನ ಗಂಡನಿಗೆ ಗೊತ್ತಾಗ್ಬಾರ್ದು. ವರ್ಷಪೂರ್ತಿ ಆಡ್ಕೋತಾನೆ."

ನನ್ನ ಏಳು, ಅವರ ಎಂಟು: ಎರಡೂ ಬೂಟಿನ ಡಬ್ಬ ಹಜಾರದ ಬೀರುವಿನ ಹಿಂದೆ.

ಶುಕ್ರವಾರ, 21

ಕುಂಟಲಿಲ್ಲ! ಎರಡನೇ ಅಂತಸ್ತಿನಲ್ಲಿ ಕುರ್ಚಿ ಕೇಳಿದವರು ಡೈರೆಕ್ಟರು. ಚೂಪು ಮೂತಿಯ ಬೂಟು, ಪಾಪ. ಡಾಕ್ಟರ ವಿಳಾಸ ಕೊಟ್ಟೆ. ಅವರು ನನಗೆ ಕೆಲಸ ಕೊಟ್ಟರು.

ಶನಿವಾರ, 22, ಬೆಳಿಗ್ಗೆ

ಮೊದಲ ಹೆಜ್ಜೆ... ಮೊಳೆಯಿಲ್ಲ, ಬರೀ ಗುಂಡುಸೂಜಿ. ಮತ್ತೆ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಅತ್ತೆ, ಟೀ ಹೀರುತ್ತ. ಹಜಾರದಿಂದ ಇವರ ದನಿ: "ಏಳು!"

ಅತ್ತೆಯ ಲೋಟ ತುಳುಕಿತು. "ನಿನ್ನ ಎಬ್ಬಿಸ್ತಿದಾನೆ, ಅಷ್ಟೇ."

ಬೀರುವಿನ ಕಡೆಯಿಂದ ರಟ್ಟಿನ ಡಬ್ಬ ಹರಿದ ಸದ್ದು.

"...ಎಂಟು?"

ಅತ್ತೆ ಎದ್ದರು. ಹಿತ್ತಿಲ ಬಾಗಿಲ ಕಡೆ, ಕಾಲಿಗೆ ಬುದ್ಧಿ—