ಸೂಜಿ ಚುಚ್ಚಿದ ಜಾಗ

ಜೂನ್ 3
ಕ್ಲಿನಿಕ್ಕಿನಲ್ಲಿ ಬೆಳಿಗ್ಗೆಯಿಂದ ಬರೀ ಲಸಿಕೆ ಇಂಜೆಕ್ಷನ್. ಬೆರಳು ಮರಗಟ್ಟಿದೆ. ಎದುರು ಬೀದಿಯ ಟೈಲರಮ್ಮನೂ ಬಂದಿದ್ದಳು. ಬಲಗೈಯಲ್ಲಿ ಕತ್ತರಿ ಹಿಡಿಯುವವಳು, ಅದಕ್ಕೇ ಎಡತೋಳಿಗೆ ಚುಚ್ಚಿದೆ.
"ತುಂಬಾ ನೋಯುತ್ತಾ ಅಕ್ಕಾ?"
"ಒಂದೆರಡು ದಿನ. ಮೈಯೊಳಗೆ ಔಷಧಿ ಕೆಲಸ ಶುರು ಮಾಡಿದೆ ಅಂತ ಅರ್ಥ. ತಣ್ಣೀರ ಬಟ್ಟೆ ಇಟ್ಕೋ. ಉಜ್ಜಬೇಡ. ಕೈ ಆಡಿಸ್ತಾ ಇರು."
"ಆಡಿಸ್ದೆ ಇದ್ರೆ ಹೊಟ್ಟೆಗೇನು?" ನಕ್ಕಳು.

ಜೂನ್ 7
ಟೈಲರಮ್ಮ ಮತ್ತೆ ಬಂದಳು. ಜೊತೆಗೆ ಗಂಡ, ಮಾಂಸದಂಗಡಿಯವನು. ಕೈ ಊದಿದೆಯಂತೆ, ಇಂಜೆಕ್ಷನ್ನಿಂದಂತೆ. ಹೇಳಿದ್ದೆಲ್ಲ ಅವನೇ.
ತೋಳು ಮುಟ್ಟಿ ನೋಡಿದೆ. ಚುಚ್ಚಿದ ಜಾಗದಲ್ಲಿ ಕೆಂಪಿಲ್ಲ, ಬಿಸಿಯಿಲ್ಲ, ಗಂಟಿಲ್ಲ. ಊತವಿದ್ದದ್ದು ಮಣಿಕಟ್ಟಿನ ಹತ್ತಿರ. ಮೂಳೆ ಸೊಟ್ಟಗಾಗಿತ್ತು. ಸುತ್ತ ನೀಲಿಗಟ್ಟಿದ ಬೆರಳ ಗುರುತು — ದಪ್ಪ ಬೆರಳು.
"ಇದು ಸೂಜಿ ನೋವಲ್ಲ. ಎಕ್ಸ್‌ರೇ ಆಗ್ಬೇಕು. ಯಾರು ತಿರುಚಿದ್ದು?"
ಅವನು ಇಂಜೆಕ್ಷನ್ ಟ್ರೇ ಎತ್ತಿ ಗೋಡೆಗೆ ಎಸೆದ. "ನೀನು ಹಾಳು ಮಾಡಿ ನನ್ನ ಮೇಲೆ ಹಾಕ್ತೀಯಾ? ನೋಡ್ಕೋತೀನಿ."
ಅವಳ ಜಡೆಗೆ ಕೈ ಹಾಕಿ ದರದರ ಎಳೆದುಕೊಂಡು ಹೋದ. ಪೊಲೀಸರಿಗೆ ಫೋನ್ ಮಾಡಿದೆ. ಆಕೆಯೇ ಬಂದು ದೂರು ಕೊಡಲಿ ಅಂದರು.

ಜೂನ್ 8, ಸಂಜೆ
ನನ್ನ ಎಡಗಣ್ಣು ಊದಿ ಮುಚ್ಚಿಕೊಂಡಿದೆ. ಹುಬ್ಬಿಗೆ ಹೊಲಿಗೆ. ಆದರೂ ಬರೆದುಬಿಡುತ್ತೇನೆ.
ಸೂಜಿಯಿಂದ ಹೆಂಡತಿಯ ಕೈ ಹೋಯಿತು ಅಂತ ಟೈಲರಮ್ಮನ ಗಂಡ ಬೀದಿಯೆಲ್ಲ ಹಬ್ಬಿಸಿದ್ದಾನೆ. ನಿನ್ನೆ ಮೊನ್ನೆ ಚುಚ್ಚಿಸಿಕೊಂಡು ತೋಳು ನೋಯುತ್ತಿದ್ದವರಿಗೆಲ್ಲ ದಿಗಿಲು. ಕ್ಲಿನಿಕ್ಕಿಗೆ ನುಗ್ಗಿದರು. ಕಿಟಕಿ ಗಾಜು ಪುಡಿಪುಡಿ. ಔಷಧಿಯ ಐಸ್ ಪೆಟ್ಟಿಗೆಯನ್ನು ತುಳಿದು ಒಡೆದರು. ಅಡ್ಡ ಬಂದ ನಮ್ಮ ಕ್ಲಿನಿಕ್ಕಿನ ಆಯಾಳನ್ನು ಮೆಟ್ಟಿಲ ಮೇಲಿಂದ ದೂಡಿದರು. ಅವನು ಕುರ್ಚಿ ಎತ್ತಿ ನನ್ನ ಮುಖಕ್ಕೇ ಹೊಡೆದ. ರಕ್ತ ಬಾಯಿಗಿಳಿಯಿತು.
ಆಗ ಟೈಲರಮ್ಮನ ಕೂಗು. ಗುಂಪನ್ನು ಸೀಳಿಕೊಂಡು ಬಂದು ಅಂಗಿಯ ತೋಳು ಮೇಲೇರಿಸಿದಳು.
"ಸೂಜಿ ಹಾಕಿದ್ದು ಇಲ್ಲಿ. ಎರಡೇ ದಿನಕ್ಕೆ ನೋವು ಹೋಯ್ತು. ಮುರಿದಿದ್ದು ಇಲ್ಲಿ. ಮುರಿದವನು — ಅಗೋ, ಕುರ್ಚಿ ಹಿಡ್ಕೊಂಡು ನಿಂತಿದ್ದಾನೆ."
ಎಲ್ಲರೂ ಅವನ ಕಡೆ ತಿರುಗಿದರು. ಆಮೇಲೆ ಅದೇ ಜನ, ಅದೇ ಕುರ್ಚಿ, ಅವನ ಮೇಲೆ. ಹಲ್ಲು ಉದುರಿದ್ದು ಕಂಡೆ. "ಬಿಡ್ರೋ, ಸತ್ತುಹೋಗ್ತಾನೆ!" ಅಂತ ಕಿರುಚಿದವಳು ನಾನೇ. ಸಂದು ಸಿಕ್ಕಿದ್ದೇ ತಡ, ಓಡಿದ. ಪೊಲೀಸರು ಈಗ ಹುಡುಕುತ್ತಿದ್ದಾರೆ.

ಜೂನ್ 10
ಟೈಲರಮ್ಮ ನನ್ನ ಮನೆಯಲ್ಲೇ ಇದ್ದಾಳೆ. ಕೈಗೆ ಪ್ಲಾಸ್ಟರ್. ಇವತ್ತು ಹೊಟ್ಟೆ ತುಂಬ ಉಂಡಳು.
ಹೊರಗೆ ಅವನ ದನಿ... ಅಳುತ್ತಿದ್ದಾನೆ. "ಬಾರೇ, ಇನ್ಮೇಲೆ ಕೈ ಮಾಡಲ್ಲ."
ಅವಳು ಎದ್ದಳು. ಹೊರಟೇಬಿಟ್ಟಳು ಅಂದುಕೊಂಡೆ. ಹೋಗಿ ಮೇಲಿನ ಚಿಲಕವನ್ನೂ ಹಾಕಿದಳು.
ಅಳು ನಿಂತಿತು. ಈಗ ಒದೆತ. ಫೋನ್ ಮಾಡಿದ್ದೇನೆ, ಪೊಲೀಸರು ಹೊರಟಿದ್ದಾರಂತೆ. ಸಾಕ್ಷಿಗೆ ಇರಲಿ ಅಂತ ಬರೆಯುತ್ತಿದ್ದೇನೆ. ಬಾಗಿಲ ಹಲಗೆ ಬಿರುಕು ಬಿಟ್ಟಿತು. ಅವಳು ಒಂದೇ ಕೈಯಲ್ಲಿ ಮೇಜನ್ನು ಬಾಗಿಲಿಗೆ ಅಡ್ಡ ಎಳೆಯುತ್ತಿದ್ದಾಳೆ. "ಅಕ್ಕಾ, ಸಾಕು ಬರೆದಿದ್ದು, ಆ ಕಡೆ ಹಿಡ್ಕೋ!"
ಬಂದೆ, ಬಂ—