ನಾನು ಸದಸ್ಯೆ ಎಂಬ ಭ್ರಮೆಯ ಕುರಿತು

ಮಾನಸಿಕ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ತಾವೇ ಕರೆದು ಕೂರಿಸಿದ ಸಮಿತಿಯಲ್ಲಿ ನಾನು ನಾಲ್ಕು ನಿಮಿಷ ಮಾತನಾಡಿದೆ. ಅದಕ್ಕೆ ತಮ್ಮ ಆಸ್ಪತ್ರೆ ನನ್ನ ಮಾತ್ರೆಯನ್ನು ಇಮ್ಮಡಿ ಮಾಡಿತು. ದೂರು ಇಷ್ಟೇ, ಉಳಿದದ್ದು ವಿವರ. ವಿವರ ಓದುವ ಅಭ್ಯಾಸ ತಮಗಿಲ್ಲವೆಂದು ಬಲ್ಲೆ. ಆದ್ದರಿಂದಲೇ ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ; ನಾಲ್ಕು ಜನ ಓದಿ ಆಡಿಕೊಂಡರೆ ತಮ್ಮ ಕಿವಿಗೂ ಬಿದ್ದೀತು.

ಎರಡು ವರ್ಷದ ಹಿಂದೆ ತಮ್ಮ ಮಹಿಳಾ ವಾರ್ಡಿನಲ್ಲಿ ನಲವತ್ತೊಂದು ದಿನ ಇದ್ದೆ. ಚೇತರಿಸಿಕೊಂಡು ಹೊರಬಂದೆ. ಆ ಉಪಕಾರವನ್ನು ಅಲ್ಲಗಳೆಯುವುದಿಲ್ಲ. ಸಾಹಿತ್ಯ ಓದಿದವರಿಗೆ ಸಿಗುವ ಬೆರಳೆಣಿಕೆಯ ಕೆಲಸಗಳಲ್ಲಿ ಒಂದು, ಮುದ್ರಣಾಲಯದಲ್ಲಿ ಕರಡು ತಿದ್ದುವುದು, ನನಗೂ ಸಿಕ್ಕಿತು. ದಿನಕ್ಕೊಂದು ಸಣ್ಣ ಮಾತ್ರೆ ನುಂಗಿ, ಇತರರ ತಪ್ಪು ಹುಡುಕುತ್ತ ನೆಮ್ಮದಿಯಾಗಿದ್ದೆ. ಆಗ ತಮ್ಮ ಆಹ್ವಾನ ಬಂತು: ‘ಅನುಭವಿಗಳ ಸಮಿತಿ’ ರಚನೆಯಾಗಿದೆ, ಚಿಕಿತ್ಸೆ ಪಡೆದವರೇ ಇನ್ನು ಆಸ್ಪತ್ರೆಗೆ ದಾರಿ ತೋರಬೇಕು. ಓದಿ ಅಮ್ಮ ಹಿಗ್ಗಿದಳು. ನಾನೂ ಹಿಗ್ಗಿದೆ. ಮೂಗಿಗೆ ಸವರಿದ ತುಪ್ಪದ ವಾಸನೆ ಎಲ್ಲರಿಗೂ ಹಿತವಾಗಿಯೇ ಇರುತ್ತದೆ.

ಸಭೆಯಲ್ಲಿ ಒಂಬತ್ತು ಕುರ್ಚಿ, ಪ್ರತಿಯೊಂದರ ಮುಂದೆ ಒಂದು ಫಲಕ. ಅಧೀಕ್ಷಕರು, ಮನೋವೈದ್ಯರು, ಆಡಳಿತಾಧಿಕಾರಿ ಇತ್ಯಾದಿ. ನನ್ನದರ ಮೇಲೆ ‘ಅನುಭವಿ’ ಎಂದಿತ್ತು. ಉಳಿದ ಎಂಟು ಜನ ಅನುಭವವಿಲ್ಲದೆಯೇ ಇಷ್ಟು ಎತ್ತರಕ್ಕೆ ಏರಿದ್ದಾರಲ್ಲ ಎಂದು ಬೆರಗಾಯಿತು. ಮೊದಲು ಫೋಟೊ, ಆಮೇಲೆ ಬಿಸ್ಕತ್ತು, ಆಮೇಲೆ ತಮ್ಮ ಭಾಷಣ. ಮೊದಲೆರಡು ಸಭೆಗಳಲ್ಲಿ ನನ್ನ ಸರದಿ ಬರುವಷ್ಟರಲ್ಲಿ ತಮ್ಮ ಕಾರು ಬಾಗಿಲಿಗೆ ಬಂದಿತ್ತು. ಮೂರನೆಯ ಸಭೆಯ ದಿನ ಕಾರು ತಡವಾಯಿತು.

ನಾನು ಬರೆದುಕೊಂಡು ಹೋಗಿದ್ದು ಮೂರೇ ಮಾತು. ಮಾತ್ರೆ ಕೊಡುವ ಮುನ್ನ ಅದರಿಂದ ಆಗುವ ತೊಂದರೆಗಳನ್ನೂ ರೋಗಿಗೆ ಹೇಳಿ. ಬೆಳಗಿನ ಸುತ್ತಿನಲ್ಲಿ ಮೂವತ್ತು ಮಂಚಗಳಿಗೆ ಕೇಳುವ ಹಾಗೆ “ಇನ್ನೂ ಸಾಯ್ಬೇಕು ಅನ್ಸುತ್ತಾ?” ಎಂದು ಕೇಳಬೇಡಿ. ದಿನಕ್ಕೆ ಹತ್ತು ನಿಮಿಷ ಮನೆಯವರೊಡನೆ ಫೋನಿನಲ್ಲಿ ಮಾತನಾಡಲು ಬಿಡಿ. ಎಂಟು ಜನ ದೊಡ್ಡವರ ಎದುರು ಕೈ ನಡುಗಿತು, ಹಾಳೆಯೂ ನಡುಗಿತು. ಧೈರ್ಯ ಕೈಕೊಡುವ ಮುನ್ನ ಮುಗಿಸಬೇಕೆಂದು ಬೇಗಬೇಗ ಓದಿದೆ. “ತುಂಬಾ ಚೆನ್ನಾಗಿ ಹೇಳಿದ್ರಿ. ಇಂಥ ದನಿಯೇ ನಮಗೆ ಬೇಕಾಗಿರೋದು” ಎಂದಿರಿ. ತಮಗೆ ನೆನಪಿಲ್ಲದಿರಬಹುದು. ನನಗಿದೆ, ಹೊಗಳಿಕೆ ನನ್ನ ಪಾಲಿಗೆ ಬರುವುದು ಅಪರೂಪ.

ಹತ್ತು ದಿನದ ನಂತರ ಮಾಮೂಲಿ ತಪಾಸಣೆಗೆ ಅಮ್ಮನ ಜೊತೆ ಹೋದೆ. ಹೊಸದಾಗಿ ಬಂದ ಕಿರಿಯ ವೈದ್ಯರು ನನ್ನ ಕಡತ ತೆರೆದು ಹುಬ್ಬೇರಿಸಿದರು.

“ಹೋದ ವಾರ ಸ್ವಲ್ಪ ಜಾಸ್ತಿ ಮಾತಾಡಿದ್ರಂತೆ?”

“ಅದು ಸಭೆ, ಡಾಕ್ಟ್ರೇ.”

“ಯಾವ ಸಭೆ?”

“ಆಸ್ಪತ್ರೆಯದೇ. ಅಧೀಕ್ಷಕರೇ ಕರೆದಿದ್ದು. ನಾನು ಸಮಿತಿ ಸದಸ್ಯೆ.”

ಅವರು ಪೆನ್ನು ಎತ್ತಿಕೊಂಡು ಅಮ್ಮನ ಕಡೆ ತಿರುಗಿದರು. “ಮನೇಲೂ ಹೀಗೇ ಹೇಳ್ತಿರ್ತಾರಾ?”

“ಹೇಳ್ತಾಳೆ ಸಾರ್. ನಿಜಾನೇ ಅಲ್ವಾ? ಫೋಟೊ ಕೂಡ ಇದೆ, ತಡೀರಿ” ಎಂದು ಅಮ್ಮ ಚೀಲದಲ್ಲಿ ಫೋನು ಹುಡುಕತೊಡಗಿದಳು. ಅವಳಿಗೆ ಫೋನು ಸಿಗುವುದರೊಳಗೆ ಮುಂದಿನ ರೋಗಿ ಒಳಗೆ ಬಂದಾಗಿತ್ತು.

ಕಡತದ ಪ್ರತಿ ಈಗ ನನ್ನ ಬಳಿ ಇದೆ. ಸಭೆಯ ದಿನದ ಪುಟದಲ್ಲಿ ಹೀಗಿದೆ: ‘ಕೈ ನಡುಕ. ಮಾತಿನ ವೇಗ ಹೆಚ್ಚು. ಸಿಬ್ಬಂದಿಯ ಬಗ್ಗೆ ಅಸಮಾಧಾನ. ಒಳನೋಟ ಕಡಿಮೆ.’ ಒಳನೋಟವೆಂದರೆ ತನಗೆ ಕಾಯಿಲೆಯಿದೆ ಎಂಬ ರೋಗಿಯ ಅರಿವಂತೆ. ತಪಾಸಣೆಯ ದಿನದ್ದು: ‘ಆಸ್ಪತ್ರೆಯ ಸಮಿತಿಗೆ ತಾನು ಸದಸ್ಯೆ ಎಂದು ದೃಢವಾಗಿ ನಂಬಿದ್ದಾಳೆ. ತಾಯಿಯೂ ನಂಬಿದ್ದಾರೆ. ಮಾತ್ರೆ ದುಪ್ಪಟ್ಟು.’ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಗಾದೆಯಲ್ಲಿ ಕೇಳಿದ್ದೆ. ಬಿಳಿ ಕೋಟಿನಲ್ಲಿ ಕಂಡದ್ದು ಇದೇ ಮೊದಲು. ಅಮ್ಮನಿಗೂ ಒಂದು ಮಾತ್ರೆ ಬರೆಯದೆ ಬಿಟ್ಟರಲ್ಲ, ಅದೇ ಪುಣ್ಯ.

ಸಭೆಯ ನಡಾವಳಿ ಬರೆದುಕೊಂಡವರು ಯಾರೆಂದು ವಿಚಾರಿಸಿದೆ. ನನ್ನದೇ ವಾರ್ಡಿನ ಹಿರಿಯ ಸಿಸ್ಟರ್. ಗುಮಾಸ್ತರು ರಜೆಯಲ್ಲಿದ್ದರಂತೆ, ಅವರ ಬದಲಿಗೆ ಈ ಸಿಸ್ಟರನ್ನು ಕೂರಿಸಿದ್ದಿರಂತೆ. ಅವರು ಮುಚ್ಚಿಡಲಿಲ್ಲ. “ಇಪ್ಪತ್ತೆರಡು ವರ್ಷದಿಂದ ಪೇಷೆಂಟು ಬಾಯಿ ಬಿಟ್ರೆ ಕೇಸ್ ಶೀಟಲ್ಲಿ ಬರ್ಕೊಳ್ಳೋದೇ ಕಣಮ್ಮ ನನ್ನ ಕೆಲ್ಸ. ನೀನು ಬಾಯಿ ಬಿಟ್ಟೆ, ಕೈ ತಾನಾಗೇ ಬರೀತು. ಬೇರೆಯವ್ರದ್ದು ಸಭೆ ಪುಸ್ತಕದಲ್ಲಿ ಬರೆದೆ, ನಿಂದು ನಿನ್ನ ಶೀಟಿಗೆ ಹೋಯ್ತು” ಎಂದರು. ಕಣ್ಣಲ್ಲಿ ನೀರಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಗೆ ಆ ಅಭ್ಯಾಸ ಹಿಡಿಸಿದವರ ಮೇಲಿದೆ.

ಯೋಚಿಸಿ ನೋಡಿ, ಮಾನ್ಯರೇ. ಅದೇ ಸಭೆಯಲ್ಲಿ ಆಡಳಿತಾಧಿಕಾರಿಗಳು ಮೇಜು ಗುದ್ದಿ ಮಾತನಾಡಿದರು, ಅದು ‘ಅಭಿಪ್ರಾಯ’ವಾಯಿತು. ಮನೋವೈದ್ಯರು ಹೇಳಿದ್ದನ್ನೇ ಐದು ಸಲ ಹೇಳಿದರು, ಅದು ‘ಸಲಹೆ’ಯಾಯಿತು. ತಾವು ಅರ್ಧ ಗಂಟೆ ತಮ್ಮ ಸಾಧನೆಗಳನ್ನು ಬಣ್ಣಿಸಿಕೊಂಡಿರಿ. ಯಾರೂ ತಮಗೆ ಮಾತ್ರೆ ಬರೆಯಲಿಲ್ಲ. ರೋಗಿ ಸುಮ್ಮನಿದ್ದರೆ ಮಂಕು, ಮಾತನಾಡಿದರೆ ಉನ್ಮಾದ, ತಪ್ಪು ತೋರಿಸಿದರೆ ಸಂಶಯ, ಒಪ್ಪಿಕೊಂಡರೆ ಮಾತ್ರ ಒಳನೋಟ. ಇದಕ್ಕೆ ಸಬಲೀಕರಣ ಎಂದು ಹೆಸರಿಟ್ಟು ವಾರ್ಷಿಕ ವರದಿಯ ಮುಖಪುಟಕ್ಕೆ ನನ್ನ ಫೋಟೊ ಹಾಕಿಸಿದ್ದೀರಿ. ತಮ್ಮ ಕಡತಕ್ಕೆ ಗೊತ್ತಿಲ್ಲದ ಸದಸ್ಯೆ ತಮ್ಮ ಮುಖಪುಟಕ್ಕೆ ಹೇಗೆ ಗೊತ್ತಾದಳು?

ಆ ಪುಟಗಳನ್ನು ಸರಿಪಡಿಸಿ ಎಂದು ತಮ್ಮ ಕಚೇರಿಗೆ ಮೂರು ಸಲ ಅಲೆದೆ. ರಜೆ ಮುಗಿಸಿ ಬಂದ ಗುಮಾಸ್ತರು ನನ್ನ ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ, “ಕಡತ ತಪ್ಪು ಅಂತ ಪೇಷೆಂಟ್ ಹೇಳಿದ್ರೆ ಆಗಲ್ಲಮ್ಮ. ಅಲ್ಲಿದ್ದ ದೊಡ್ಡೋರು ಯಾರಾದ್ರೂ ಹೇಳ್ಬೇಕು” ಎಂದರು. ತಮ್ಮನ್ನು ಕಾಣಲು ಕೇಳಿದರೆ, ಸಾಹೇಬರು ಸಭೆಯಲ್ಲಿದ್ದಾರೆ.

ಇಮ್ಮಡಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿಲ್ಲ. ತಪ್ಪಿಸಿದರೆ ಅದಕ್ಕೂ ಒಂದು ಸಾಲು ಹುಟ್ಟುತ್ತದೆ. ಆದರೆ ಮಧ್ಯಾಹ್ನದ ಹೊತ್ತಿಗೆ ಅಕ್ಷರಗಳು ಮಂಜಾಗುತ್ತವೆ. ಓದಿದ ಸಾಲನ್ನೇ ಮತ್ತೆ ಓದುತ್ತೇನೆ, ಬಿಟ್ಟ ಸಾಲು ಬಿಟ್ಟೇ ಹೋಗುತ್ತದೆ. ಮುದ್ರಣಾಲಯದ ಯಜಮಾನರು ಮೊನ್ನೆ ಹೊಸ ಪುಸ್ತಕವನ್ನು ನನ್ನ ಮುಂದಿಟ್ಟರು. “ಹದಿನೇಳು ತಪ್ಪು ಉಳ್ಕೊಂಡಿದೆ. ನಿನ್ ಕೈಲಿ ಒಂದೂ ಉಳೀತಿರ್ಲಿಲ್ವಲ್ಲ ಮಗಳೇ? ಈ ತಿಂಗಳು ನೋಡ್ತೀನಿ. ಆಮೇಲೆ ನಂಗೂ ಕಷ್ಟ.” ಒಳ್ಳೆಯವರು. ಒಳ್ಳೆಯವರೂ ಎಷ್ಟು ದಿನ ಕಾಯುತ್ತಾರೆ? ಕಾಯಿಲೆ ಕಿತ್ತುಕೊಳ್ಳದ ಕೆಲಸವನ್ನು ತಮ್ಮ ಸಮಿತಿ ಕಿತ್ತುಕೊಳ್ಳುತ್ತಿದೆ.

ಈ ಪತ್ರವೂ ಕಡತ ಸೇರುವುದೆಂದು ಗೊತ್ತು. ‘ದೀರ್ಘ ಬರವಣಿಗೆ’ ಎಂದು ಗುರುತಿಸಲು ಮರೆಯದಿರಿ. ನನ್ನ ಬೇಡಿಕೆಗೆ ಹೊಸ ಸಮಿತಿ ಬೇಡ, ವಿಷಾದ ಪತ್ರವೂ ಬೇಡ. ತಿಂಗಳು ಮುಗಿಯಲು ಹನ್ನೊಂದು ದಿನ ಇದೆ. ಅಷ್ಟರೊಳಗೆ ನನ್ನ ಕಡತ ತರಿಸಿ, ಆ ಎರಡು ಪುಟಗಳ ಕೆಳಗೆ ತಮ್ಮ ಕೈಯಾರೆ ಬರೆಯಿರಿ: ‘ಈಕೆ ಹೇಳಿದ್ದು ನಿಜ. ನಾನು ಅಲ್ಲಿದ್ದೆ.’ ಸಹಿ ಹಾಕಿ ವೈದ್ಯರಿಗೆ ಕಳಿಸಿ. ಮಾತ್ರೆಯ ವಿಚಾರ ಅವರು ಮತ್ತೊಮ್ಮೆ ಯೋಚಿಸಲಿ, ಈ ಸಲ ನನ್ನನ್ನೂ ಕೇಳಿಕೊಂಡು. ಎರಡು ವಾಕ್ಯ ಬರೆಯಲು ಎರಡು ನಿಮಿಷ ಸಾಕು. ಕೈ ನಡುಗಿದರೆ ಹೆದರಬೇಡಿ, ಅದು ಕಾಯಿಲೆಯಲ್ಲ.

ಇಂತಿ,
ಸಾಕ್ಷಿ ಇದ್ದೂ ನಂಬಿಕೆಗೆ ಅರ್ಹಳಾಗದ,
ತಮ್ಮ ಸಮಿತಿಯ ಒಂಬತ್ತನೆಯ ಕುರ್ಚಿ