ಸಾಬೂನಿನ ತೇಪೆ

ಕುಷ್ಟಗಿ
ವಿರೋಧಿ ಸಂವತ್ಸರ, ಕಾರ್ತೀಕ ಬಹುಳ ತದಿಗೆ

ಚಿರಂಜೀವಿ ಕಾಸೀಮಬೀಗೆ, ನಿನಗೆ ಅಕ್ಷರ ಕಲಿಸಿದ ಪಕ್ಕೀರಪ್ಪ ಮಾಸ್ತರನ ಆಶೀರ್ವಾದಗಳು.

ಹಿಂದಿನ ಪತ್ರದಲ್ಲಿ ನನ್ನಿಂದ ಒಂದು ತಪ್ಪಾಗಿದೆ. ಮೊದಲು ಅದಕ್ಕಾಗಿ ಕ್ಷಮೆ ಬೇಡುತ್ತೇನೆ. ನಿನ್ನ ತಂದೆ ಮರ್ದಾನಸಾಬರು ತೀರಿಕೊಂಡ ಸುದ್ದಿ ತಿಳಿದು ಬರೆದ ಆ ಪತ್ರದಲ್ಲಿ, ಸಾವುಕಾರ ದೊಡ್ಡಬಸಪ್ಪನವರ ಜೀಪಿನ ಎಣ್ಣೆತೊಟ್ಟಿಗೆ ಅವರು ಬೆಸುಗೆ ಹಾಕಿದ್ದು ಮಹಾನವಮಿಗೆ ಮೊದಲು ಎಂದು ಬರೆದಿದ್ದೆ. ಅಂತಹ ಕೆಲಸಗಾರರ ಕೈಯೂ ಜೀವಮಾನದಲ್ಲಿ ಒಮ್ಮೆ ತಪ್ಪಿತೆಂಬ ಮಾತನ್ನೂ, ಸಮಾಧಾನ ಹೇಳುವವನಂತೆ, ಸೇರಿಸಿದ್ದೆ. ಅದಕ್ಕೆ ನೀನು ಗಂಗಾವತಿಯಿಂದ ಮರುಪತ್ರ ಬರೆದೆ. ನಿನ್ನ ಯಜಮಾನರಾದ ಬಾಬಾಸಾಬರು ಇಲ್ಲಿ ನಿನ್ನ ತಂದೆಯವರ ಹಳೆಯ ಜಾಗದಲ್ಲಿಯೇ ಕಲಾಯಿ ಅಂಗಡಿ ತೆರೆಯಲು ಬಯಸಿದ್ದಾರೆಂದೂ, ಜಾಗದ ಒಡೆಯರಾದ ದೊಡ್ಡಬಸಪ್ಪನವರು "ಆ ಮನಿಯವರ ತ್ಯಾಪಿ ನನಗ ಸಾಕಾಗೈತಿ" ಎಂದು ಹೇಳಿ ಕಳುಹಿಸಿದರೆಂದೂ ತಿಳಿಸಿದೆ. ಕೊನೆಯಲ್ಲಿ ಒಂದೇ ಸಾಲು: "ಅಪ್ಪನ ಕೈ ತಪ್ಪಿದ್ದು ಖರೇ ಏನ್ರಿ ಮಾಸ್ತರ?"

ಆ ಸಾಲನ್ನು ಹದಿನೈದು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದೇನೆ. ನನ್ನ ಪತ್ರದಲ್ಲಿ ಆದದ್ದು ತಾರೀಖಿನ ತಪ್ಪು ಹೌದು, ಮರೆವಿನಿಂದ ಆದದ್ದಲ್ಲ.

ಆ ಜೀಪು ಬಂದಾಗ ನೀನು ಗಂಡನ ಮನೆ ಸೇರಿ ಎರಡು ವರ್ಷವಾಗಿತ್ತು. ಯುದ್ಧ ಮುಗಿದ ಮೇಲೆ ದಂಡಿನವರು ಹರಾಜಿಗೆ ಹಾಕಿದ್ದನ್ನು ದೊಡ್ಡಬಸಪ್ಪನವರು ಹಿಡಿದು ತಂದರು. ಎರೆಹೊಲಕ್ಕೂ ಇಳಿಯುತ್ತಿತ್ತು, ಹಳ್ಳದ ಉಸುಕಿನಲ್ಲಿಯೂ ಏರುತ್ತಿತ್ತು. ಊರಿನ ಎತ್ತುಗಳು ಮಾತ್ರ ಅದನ್ನು ಕಂಡೊಡನೆ ನೊಗ ಕಿತ್ತುಕೊಂಡು ಓಡುತ್ತಿದ್ದವು. ಅದರ ಎಣ್ಣೆತೊಟ್ಟಿ ಇದ್ದದ್ದು ನಡೆಸುವವನ ಆಸನದ ಕೆಳಗಿನ ಒಂದು ಕುಳಿಯಲ್ಲಿ. ಯಾವ ಯಾವ ದೇಶದ ಕೆಸರನ್ನು ಕಂಡಿತ್ತೋ, ತೊಟ್ಟಿಯ ತಳ ಹಪ್ಪಳದಂತೆ ತುಕ್ಕು ಹಿಡಿದಿತ್ತು. ಪಡಿತರದ ಚೀಟಿ ಬರೆಸಿ ಅಳೆದು ತಂದ ಪೆಟ್ರೋಲು ಕುಳಿಯ ಸಣ್ಣ ಕಿಂಡಿಯಿಂದ ಹನಿಹನಿಯಾಗಿ ಬೀದಿಯ ಮಣ್ಣಿಗೆ ಹೋಗುತ್ತಿತ್ತು.

ನಿನ್ನ ತಂದೆಯವರು ಬಂದು, ಆಸನ ಎತ್ತಿ, ಕುಳಿಯೊಳಗೆ ಕೈ ಇಳಿಸಿ, ಬೆರಳಿನಿಂದ ತಳವನ್ನು ತಡವಿ ನೋಡಿದರು. ದಿನವೂ ದೊಡ್ಡಬಸಪ್ಪನವರ ಕಟ್ಟೆಯ ಮೇಲೆ ಚಹಾಕ್ಕೆ ಕೂರುತ್ತಿದ್ದ ನಾನು, ಎಣ್ಣೆತೊಟ್ಟಿಯ ಸ್ಥಿತಿ ಹೇಗಿದೆಯೆಂದು ಕೇಳಿದೆ. "ಟಾಕಿ ಅನ್ರಿ ಮಾಸ್ತರ್ರ. ತೊಟ್ಟಿ ಅಂದ್ರ ನಮ್ಮ ಎಮ್ಮಿ ನೀರ ಕುಡಿಯಾಕ ಬಂದೀತು" ಎಂದರು. ಹಬ್ಬ ನಾಲ್ಕು ದಿನವಿತ್ತು; ತೊಟ್ಟಿಯನ್ನು ಬಿಚ್ಚಿ, ತೊಳೆದು, ಒಣಗಿಸಿ ಬೆಂಕಿಗೆ ಹಿಡಿಯುವಷ್ಟು ಬಿಡುವಿರಲಿಲ್ಲ. ಸಾಬೂನಿಗೆ ಬೆಲ್ಲ ಬೆರೆಸಿ, ನಾದಿ, ತೂತಿಗೆ ಒತ್ತಿ ತಾತ್ಕಾಲಿಕವಾಗಿ ಮೆತ್ತಿದರು. ಆ ಹೊತ್ತು ದೊಡ್ಡಬಸಪ್ಪನವರು ಸಂತೆಯಲ್ಲಿದ್ದುದರಿಂದ ಮಾತನ್ನು ನನಗೆ ಒಪ್ಪಿಸಿದರು: "ಹಬ್ಬ ಮುಗೀಲಿ, ಛಲೋ ಮಾಡಿ ಕೊಡ್ತೀನಿ. ಅಲ್ಲೀತನಕ ಇದಕ್ಕ ನೀರ ತಾಗಿಸಬ್ಯಾಡ್ರಿ ಅಂತ ಸಾವುಕಾರ್ರಿಗೆ ಹೇಳ್ರಿ."

ನಾನು ಹೇಳಲಿಲ್ಲ. ಪೆಟ್ರೋಲಿಗೇ ಜಗ್ಗದ ತೇಪೆಗೆ ನೀರು ಏನು ಮಾಡೀತು ಎಂದುಕೊಂಡೆ. ಮಹಾನವಮಿಯ ಬೆಳಿಗ್ಗೆ ಆಯುಧಪೂಜೆಗೆ ಜೀಪನ್ನು ಸಿಂಗರಿಸುವ ಸಡಗರದಲ್ಲಿ, ಮೈಲಿಗೆ ಉಳಿಯಬಾರದೆಂದು ಆಸನವನ್ನು ಎತ್ತಿ, ಆ ಕುಳಿಯೊಳಗೆ ಎರಡು ಕೊಡ ನೀರು ಸುರಿದವನು ನಾನು. ಸಣ್ಣ ಕಿಂಡಿಯಿಂದ ಬೇಗ ಇಳಿಯದೆ ನೀರು ಕುಳಿಯಲ್ಲಿ ಮಡುಗಟ್ಟಿ ನಿಂತಿತು. ನಾವು ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದೆವು. ನಿನ್ನ ತಂದೆಯವರು ಪಕ್ಕದ ಊರಿನಲ್ಲಿ ಹಂಡೆಗಳ ಕಲಾಯಿಗೆ ಹೋಗಿದ್ದರು.

ನೆನೆದ ಸಾಬೂನು ಅಂದೇ ಬಿಡಲಿಲ್ಲ. ಮರುದಿನ, ಬನ್ನಿಯ ದಿನ, ಇಟಗಿಯಿಂದ ಆಳು ಬಂದ: ದೊಡ್ಡಬಸಪ್ಪನವರ ತಂದೆಗೆ ಉಸಿರು ಮೇಲಾಗಿದೆ, ಮಗನ ಹೆಸರು ಹಿಡಿದು ಕರೆಯುತ್ತಿದ್ದಾರೆ. ಅವರು ಜೀಪಿನಲ್ಲಿ ಹೊರಟರು. ದಾರಿಯ ಕುಲುಕಿಗೆ ತೇಪೆ ಕಳಚಿತು. ಯಲಬುರ್ಗಿ ದಾಟಿ ಒಂದು ಹರದಾರಿ ಹೋಗುವಷ್ಟರಲ್ಲಿ ತೊಟ್ಟಿ ಬರಿದಾಗಿ ಜೀಪು ನಿಂತಿತು. ಮುಂದೆ ನಡೆದು, ಸಿಕ್ಕ ಬಂಡಿ ಹತ್ತಿ ಅವರು ಇಟಗಿ ಮುಟ್ಟಿದಾಗ ತಂದೆಯ ಬಾಯಿಗೆ ಬೇರೆಯವರು ನೀರು ಬಿಟ್ಟಾಗಿತ್ತು.

ತಿರುಗಿ ಬಂದವರು ನಿನ್ನ ತಂದೆಯವರ ಅಂಗಡಿಯ ಮುಂದೆ ನಿಂತು, ಕೂಗಾಡದೆ, ಹೇಳಿದರು: "ನಿನ್ನ ತ್ಯಾಪಿ ನನಗ ಅಪ್ಪನ ಮುಖ ತೋರಿಸಲಿಲ್ಲ, ಮರ್ದಾನಸಾಬ." ನಾನು ಅಲ್ಲಿಯೇ ಇದ್ದೆ. ನಿನ್ನ ತಂದೆಯವರು ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದರು. ಸಂತೆಗೆ ಬಂದವರೆಲ್ಲರೂ ಅದನ್ನು ಕೇಳಿಸಿಕೊಂಡರು.

ಕಾಸೀಮಬೀ, ಮುಂದಿನದು ನನಗೆ ಪದೇ ಪದೇ ನೆನಪಾಗುವ ದಿನ. ತೊಟ್ಟಿಯನ್ನು ಬಿಚ್ಚಿದ ನಿನ್ನ ತಂದೆಯವರು, ಒಳಗಿನ ತುಕ್ಕು ಬಿಡಲೆಂದು, ಅದರೊಳಗೆ ಹಳ್ಳದ ಹರಳುಗಳನ್ನೂ ಹುಣಸೆಯ ನೀರನ್ನೂ ತುಂಬಿ, ಬಾಯಿಗೆ ಬೆಣೆ ಬಡಿದರು. ಅದನ್ನು ಅಲುಗಾಡಿಸುವ ಕೆಲಸವನ್ನು ದಾರಿಗೇ ಒಪ್ಪಿಸಿದರು: ಯಲಬುರ್ಗಿಗೆ ಜೋಳ ಒಯ್ಯುವ ಬಂಡಿಯಲ್ಲಿ, ಹುಲ್ಲು ಹಾಸದೆ, ಬರಿಯ ಹಲಗೆಯ ಮೇಲೆ ಇಟ್ಟರು. ನಾನೂ ಜೊತೆಗೆ ಹೊರಟೆ. ಹರದಾರಿಗೊಮ್ಮೆ ಬಂಡಿ ನಿಲ್ಲಿಸಿ, ಮಲಗಿದ ಕೂಸನ್ನು ಹೊರಳಿಸುವಂತೆ ಅದರ ಮಗ್ಗುಲು ಬದಲಿಸುತ್ತಿದ್ದೆವು. ಒಳಗೆ ಹರಳುಗಳು ಗಲಗಲ ಎನ್ನುತ್ತಿದ್ದವು. ಎರಡೂ ಕಡೆ ಹಾಲುಗಾಳಿನ ಜೋಳ. ನಿನ್ನ ತಂದೆಯವರು, ಎಳೆಗಾಳು ಸುಟ್ಟು ತಿನ್ನುವ ಸೀತನಿಗೆಂದು ಒಂದು ತೆನೆ ಮುರಿದು, ಹೊಲದವನಿಗೆ ಕೇಳುವಂತೆ ಇದು ಮಾಸ್ತರರ ಪಾಲೆಂದು ಹೇಳಿ ನನ್ನ ಕೈಗಿತ್ತರು. ಎರಡನೆಯ ಹೊರಳಿಕೆಯಲ್ಲಿ ನಾನು ತಪ್ಪೊಪ್ಪಿಕೊಂಡೆ.

"ಗೊತ್ತೈತ್ರಿ" ಎಂದರು. "ಸಾಬೂನು ಪೆಟ್ರೋಲಿಗೆ ಕರಗೂದಿಲ್ಲ, ನೀರಿಗೆ ಕರಗತೈತಿ. ನೋಡಿದ ಕೂಡ್ಲೆ ತಿಳೀತು."

ಹಾಗಾದರೆ ಅಂದು ಏಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ಅವರಪ್ಪ ಹೋಗ್ಯಾರ್ರಿ. ಬೈಯಾಕ ಅವರಿಗೆ ಯಾರರ ಬೇಕಾಗಿತ್ತು, ನಾ ಸಿಕ್ಕೆ. ಸಿಟ್ಟು ಇಳೀಲಿ. ಆಮ್ಯಾಲೆ ನೀವ ಹೇಳ್ರಿ, ನಾ ಹೇಳಿದ್ರ ನೆಪ ಆಗತೈತಿ."

ಬಂಡಿ ಮರಳಿ ಬಂದಾಗ ತೊಟ್ಟಿಯಿಂದ ಕೆಂಪು ನೀರು ಸುರಿಯಿತು. ಹಲವು ಬಾರಿ ತೊಳೆದು, ವಾಸನೆ ಸಂಪೂರ್ಣವಾಗಿ ಹೋಗುವವರೆಗೆ ಬಿಸಿಲಿಗಿಟ್ಟು, ಆಮೇಲೆ ಕೆಂಡದ ಮೇಲೆ ಕಾಯಿಸಿ, ನವಸಾಗರ ಹಾಕಿ, ಕರಗಿದ ತವರವನ್ನು ಒಳಗೆ ಸುರಿದು ಹೊರಳಿಸಿದರು. ಆ ಬಿಳಿಯ ಹೊಗೆಯ ಘಾಟು ನಿನಗೆ ಗೊತ್ತು. ತಳಕ್ಕೆ ತಾಮ್ರದ ತಗಡು ಬೆಸೆದು, ಹೊರಮೈಗೆಲ್ಲ ಸುಣ್ಣ ಬಳಿದು, ಸೀಮೆಎಣ್ಣೆ ತುಂಬಿ ಮೂರು ದಿನ ಇಟ್ಟರು. ಎಲ್ಲಿ ಜಿನುಗಿದರೂ ಸುಣ್ಣ ಕಪ್ಪಾಗಬೇಕು. ಮೂರನೆಯ ದಿನವೂ ಅದು ಬೆಳ್ಳಗೆ ಇತ್ತು.

ಆದರೆ ನಾನು ಹೇಳಲಿಲ್ಲ. ಸೂತಕ ಕಳೆಯಲಿ ಎಂದೆ, ದೀಪಾವಳಿ ಕಳೆಯಲಿ ಎಂದೆ. ಅಷ್ಟರಲ್ಲಿ ಮದುವೆಗಳ ಹಂಡೆ ಕೊಡಗಳು ನಿನ್ನ ತಂದೆಯವರ ಅಂಗಡಿಯನ್ನು ದಾಟಿ ಮುಂದೆ ಹೋಗತೊಡಗಿದವು. ಅವರು ತಿದಿಯನ್ನು ಮಡಚಿಕೊಂಡು ನಿನ್ನಲ್ಲಿಗೆ ಹೊರಟ ದಿನ, ಬಂಡಿಯ ಮೇಲಿನಿಂದ, "ಬರ್ತೀನ್ರಿ ಮಾಸ್ತರ್ರ" ಎಂದಷ್ಟೇ ಹೇಳಿದರು. ಹೇಳಿದಿರೋ ಇಲ್ಲವೋ ಎಂದು ಕೇಳಲಿಲ್ಲ. ಕೇಳಿದ್ದರೆ ನಾನು ಇಷ್ಟು ವರ್ಷ ತಡೆದುಕೊಳ್ಳುತ್ತಿದ್ದೆನೆಂದು ತೋರುವುದಿಲ್ಲ.

ಇಲ್ಲಿಯವರೆಗೆ ಬರೆದುದನ್ನು ಇಂದು ಬೆಳಿಗ್ಗೆ ದೊಡ್ಡಬಸಪ್ಪನವರ ಅಂಗಡಿಗೆ ಒಯ್ದು, ನಾಲ್ಕು ಜನರಿರುವಾಗಲೇ ಓದಿದೆ. ಅವರು, "ಮೂರು ವರ್ಷ ನನ್ನ ಕಟ್ಟಿ ಮ್ಯಾಲೆ ಕುಂತು ಚಹಾ ಕುಡದ್ರಲ್ರಿ" ಎಂದರು. ಎದ್ದು ಹೋಗಿ ಜೀಪಿನ ಆಸನವನ್ನು ಎತ್ತಿ, ತೊಟ್ಟಿಯ ತಳಕ್ಕೆ ಕೈಯಾಡಿಸಿ, ಅಂಗೈಯನ್ನು ಬೆಳಕಿಗೆ ಹಿಡಿದರು. ಕೈ ಒಣಗಿತ್ತು, ಬೆರಳಿಗೆ ಸ್ವಲ್ಪ ಸುಣ್ಣ ಹತ್ತಿತ್ತು. ಅದನ್ನು ಅವರು ಒರೆಸಿಕೊಳ್ಳಲಿಲ್ಲ.

"ಆಕಿಗೆ ಬರಾಕ ಬರೀರಿ. ಜಾಗ ಐತಿ. ನೀವು ಮಾತ್ರ ಇನ್ನ ಈ ಕಟ್ಟಿ ಹತ್ತಬ್ಯಾಡ್ರಿ."

ಎರಡೂ ನ್ಯಾಯವಾದ ಮಾತುಗಳು. ನೀವಿಬ್ಬರೂ ಬನ್ನಿ. ಈ ಪತ್ರವನ್ನು ಮುಚ್ಚಿಡಬೇಡ. ಕೇಳಿದವರಿಗೆಲ್ಲ ಓದಿ ಹೇಳು. ನಿಮ್ಮ ಒಲೆಯ ಕೆಂಡ ಆರದಿರಲಿ, ನಿನ್ನ ತಂದೆಯವರ ಕೈಗುಣ ನಿಮ್ಮ ಕೈಗಳಲ್ಲಿ ಬಾಳಲಿ ಎಂದು ಹರಸುವ,

ಪಕ್ಕೀರಪ್ಪ ಮಾಸ್ತರ

ಹಿಂದಿನ ಪತ್ರದ ತಿದ್ದುಪಡಿಗಳು, ಎಲ್ಲವೂ ವ್ಯಯ ಸಂವತ್ಸರದವು:

ಸಾಬೂನಿನ ತೇಪೆ: ಆಶ್ವೀಜ ಶುದ್ಧ ಪಂಚಮಿ. ಹಿಂದೆ ಇದನ್ನು ಬರೆದೇ ಇರಲಿಲ್ಲ.

ನಾನು ನೀರು ಸುರಿದದ್ದು: ಆಶ್ವೀಜ ಶುದ್ಧ ನವಮಿ. ಇದನ್ನೂ ಬರೆದಿರಲಿಲ್ಲ.

ಕಲಾಯಿ ಮತ್ತು ಬೆಸುಗೆ: ಹಿಂದೆ ಬರೆದದ್ದು ಆಶ್ವೀಜ ಶುದ್ಧ ಪಂಚಮಿ, ಸರಿಯಾದದ್ದು ಆಶ್ವೀಜ ಬಹುಳ ಏಕಾದಶಿ.

ಮರ್ದಾನಸಾಬರ ಬೆಸುಗೆ ಬಿಟ್ಟ ದಿನ: ಹಿಂದೆ ಬರೆದದ್ದು ಆಶ್ವೀಜ ಶುದ್ಧ ದಶಮಿ, ಸರಿಯಾದದ್ದು, ಅಂತಹ ದಿನ ಬಂದಿಲ್ಲ.